ರೈಲು ಸ್ಟೇಷನ್ ಮೇಲಿನ ಗಾರ್ಡನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ನಡುವೆ, ಏಳನೇ ಮತ್ತು ಎಂಟನೇ ಅವೆನ್ಯೂಗಳ ಮಧ್ಯೆ, ಪೆನ್ ಸ್ಟೇಷನ್ನಿನ ನೆತ್ತಿಯ ಮೇಲೆ ಕೂತಿರುವ ಗುಂಡನೆಯ ಕಟ್ಟಡ ಅದು. ಬ್ಯಾಸ್ಕೆಟ್‌ಬಾಲ್‌ನ ನಿಕ್ಸ್ ತಂಡಕ್ಕೂ ಐಸ್ ಹಾಕಿಯ ರೇಂಜರ್ಸ್ ತಂಡಕ್ಕೂ ಅದೇ ಮನೆ. ಆಟ ಇಲ್ಲದ ದಿನ ದೊಡ್ಡ ದೊಡ್ಡ ಗಾಯಕರ ಕಾರ್ಯಕ್ರಮ. ಬ್ಯಾಸ್ಕೆಟ್‌ಬಾಲ್‌ಗೆ ಸುಮಾರು 19,800 ಜನ ಕೂರಬಹುದು, ಹಾಕಿಗೆ ಸುಮಾರು 18,000. ನ್ಯೂಜೆರ್ಸಿಯಲ್ಲಿರುವ ನಮ್ಮ ಕನ್ನಡದವರು ಮನೆ ಹತ್ತಿರ ರೈಲು ಹತ್ತಿದರೆ ಸೀದಾ ಅದರ ಕೆಳಗೇ ಇಳಿಯುತ್ತಾರೆ. ನಾನೂ ಆ ಕಡೆಯವಳೇ. ಅಲ್ಲಿಗೆ ಹೋಗಿ ಬರುವುದು ನನಗೆ ಬಹಳ ಇಷ್ಟದ ಕೆಲಸ, ಅದಕ್ಕೇ ಉತ್ತರಗಳು ಒಂದಿಷ್ಟು ಉದ್ದ ಆಗಿವೆ.

ಪ್ರಶ್ನೆ (ಶಿವಮೊಗ್ಗದಿಂದ): ಅಕ್ಟೋಬರಿನಲ್ಲಿ ಆರು ತಿಂಗಳಿಗೆ ಅಂತ ಮಗನ ಮನೆಗೆ, ನ್ಯೂಜೆರ್ಸಿಯ ಎಡಿಸನ್‌ಗೆ ಬರುತ್ತಿದ್ದೇವೆ. ಬ್ಯಾಸ್ಕೆಟ್‌ಬಾಲ್ ಮ್ಯಾಚ್‌ಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಟಿಕೆಟ್ ರೇಟ್ ಕೇಳಿ ಎದೆ ಧಸಕ್ ಅಂತು. ಯಜಮಾನರಿಗೆ ಮಂಡಿ ನೋವು ಬೇರೆ. ಮನೆಯಲ್ಲೇ ಟಿವಿಯಲ್ಲಿ ನೋಡಿದರೆ ಸಾಲದಾ?

ಹೋಗಿ ಬನ್ನಿ ಅಮ್ಮ, ಖಂಡಿತ ಹೋಗಿ. ನಿಮ್ಮ ಮಗ ಆಸೆಯಿಂದ ಕರೆಯುತ್ತಿದ್ದಾನೆ. ರೇಟ್ ವಿಷಯ ಅವನಿಗೇ ಬಿಡಿ ಅಂತ ನಾನು ಹೇಳುವುದಿಲ್ಲ, ಅದನ್ನು ಇಳಿಸುವ ದಾರಿ ಇದೆ. ನಿಕ್ಸ್ ತಂಡ ಒಂದು ಸೀಸನ್ನಿನಲ್ಲಿ ತನ್ನ ಮನೆಯಲ್ಲಿ ಸುಮಾರು 41 ಮ್ಯಾಚ್ ಆಡುತ್ತದೆ, ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ಶನಿವಾರ ರಾತ್ರಿ, ಅದೂ ಬಾಸ್ಟನ್ ತಂಡದ ಎದುರು ಅಂದರೆ ರೇಟ್ ಆಕಾಶಕ್ಕೆ ಹೋಗುತ್ತದೆ. ವಾರದ ಮಧ್ಯೆ, ಪಟ್ಟಿಯಲ್ಲಿ ಕೆಳಗಿರುವ ತಂಡದ ಎದುರು ಅದೇ ಸೀಟು ಎಷ್ಟೋ ಕಡಿಮೆಗೆ ಸಿಗುತ್ತದೆ. ನೀವು ಆರು ತಿಂಗಳು ಇರುವವರು, ದಿನ ಆರಿಸಿಕೊಳ್ಳಲು ನಿಮಗೆ ಪುರುಸೊತ್ತಿದೆ, ಅಲ್ವಾ?

ಇನ್ನು ಎಲ್ಲಿ ಕೂರಬೇಕು. 100ರ ಸಾಲಿನ ಸೆಕ್ಷನ್‌ಗಳು ಕೆಳಗಿನವು, 200ರವು ಮೇಲಿನವು. ಕೆಳಗಿನದೇ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬುಟ್ಟಿಯ ಹಿಂದೆ ಕೆಳಗೆ ಕೂತರೆ ಹತ್ತಿರದ ಬುಟ್ಟಿ ಚೆನ್ನಾಗಿ ಕಾಣುತ್ತದೆ, ಆಚೆ ತುದಿಯಲ್ಲಿ ಏನು ನಡೆಯುತ್ತಿದೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಮೇಲೆ, ಅಂಕಣದ ಉದ್ದಕ್ಕೆ ಇರುವ ಕಡೆ ಕೂತರೆ ಹತ್ತೂ ಆಟಗಾರರು ಒಂದೇ ನೋಟಕ್ಕೆ ಸಿಗುತ್ತಾರೆ. ಯಾರು ಯಾರಿಗೆ ಜಾಗ ಬಿಟ್ಟುಕೊಟ್ಟರು, ಯಾರು ಸುಮ್ನೆ ನಿಂತರು, ಎಲ್ಲ ತಿಳಿಯುತ್ತದೆ. ಈ ಕಟ್ಟಡದ ಚಾವಣಿ ಉಕ್ಕಿನ ಕೇಬಲ್‌ಗಳ ಮೇಲೆ ನಿಂತಿದೆ, ಒಳಗೆ ಕಂಬವೇ ಇಲ್ಲ. ಹಾಗಾಗಿ ಕಂಬದ ಹಿಂದೆ ಸಿಕ್ಕಿಕೊಳ್ಳುವ ಭಯ ಬೇಡ. ಒಂದೇ ಎಚ್ಚರಿಕೆ: 2011ರಿಂದ 2013ರವರೆಗೆ ಕಟ್ಟಡ ನವೀಕರಿಸಿದಾಗ ಚಾವಣಿಯಿಂದ ಎರಡು ಸೇತುವೆ ಇಳಿಬಿಟ್ಟು ಅದರ ಮೇಲೂ ಸೀಟು ಹಾಕಿದ್ದಾರೆ. 200ರ ಸೆಕ್ಷನ್ನಿನ ತೀರಾ ಹಿಂದಿನ ಸಾಲುಗಳಲ್ಲಿ ಕೂತರೆ ಆ ಸೇತುವೆ ಅಡ್ಡ ಬಂದು ಮಧ್ಯದ ದೊಡ್ಡ ಸ್ಕೋರ್‌ಬೋರ್ಡ್ ಪೂರ್ತಿ ಕಾಣುವುದಿಲ್ಲ. ಆಟ ಕಾಣುತ್ತದೆ. ಮಗನಿಗೆ ಹೇಳಿ, 200ರಲ್ಲೇ ಮುಂದಿನ ಸಾಲು ನೋಡಲಿ.

ಮಂಡಿ ವಿಷಯ. ಮೇಲಿನ ಮಹಡಿವರೆಗೆ ಎಸ್ಕಲೇಟರ್, ಲಿಫ್ಟ್ ಇವೆ, ಆದರೆ ಸೆಕ್ಷನ್ ಒಳಗೆ ಹೋದ ಮೇಲೆ ಮೆಟ್ಟಿಲು ಕಡಿದಾಗಿವೆ. ನೋವು ಜಾಸ್ತಿ ಇದ್ದರೆ ಟಿಕೆಟ್ ತೆಗೆಯುವಾಗಲೇ ಅಂಗವಿಕಲರಿಗೆ, ಮೆಟ್ಟಿಲು ಹತ್ತಲು ಕಷ್ಟ ಇರುವವರಿಗೆ ಅಂತ ಮೆಟ್ಟಿಲಿಲ್ಲದ ಸೀಟು ತೋರಿಸುತ್ತಾರೆ, ಅದನ್ನೇ ಆರಿಸಲಿ. ಅದು ಸಿಗದಿದ್ದರೆ ದಾರಿ ಪಕ್ಕದ ಸೀಟು, ಸೆಕ್ಷನ್ನಿಗೆ ಒಳಹೋಗುವ ಬಾಗಿಲಿಗೆ ಹತ್ತಿರದ ಸಾಲು. ಆಟ 48 ನಿಮಿಷದ್ದು ಅಂತ ಲೆಕ್ಕ, ಆದರೆ ನಿಲ್ಲಿಸಿ ನಿಲ್ಲಿಸಿ ಆಡುವುದರಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ನಡುನಡುವೆ ಎದ್ದು ಕಾಲು ಆಡಿಸಲು ಯಜಮಾನರಿಗೆ ದಾರಿ ಪಕ್ಕದ ಸೀಟೇ ಅನುಕೂಲ.

ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಅಲ್ಲಿ ನೀವು ಎಲ್ಲಿ ಬೇಕೋ ಅಲ್ಲಿ ನೋಡಬಹುದು.

ಪ್ರಶ್ನೆ (ಜೆರ್ಸಿ ಸಿಟಿಯಿಂದ, ವಿದ್ಯಾರ್ಥಿ): ನನಗೆ ಇಷ್ಟದ ಗಾಯಕಿಯ ಕಾರ್ಯಕ್ರಮದ ಟಿಕೆಟ್ ಖಾಲಿಯಾಗಿದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬರು ಅರ್ಧ ಬೆಲೆಗೆ ಕೊಡುತ್ತೇನೆ, ಸ್ಕ್ರೀನ್‌ಶಾಟ್ ಕಳಿಸುತ್ತೇನೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಲಾ?

ಬೇಡ. ಸ್ಕ್ರೀನ್‌ಶಾಟ್ ಅಂದ ತಕ್ಷಣ ಮಾತು ನಿಲ್ಲಿಸಿ. ಈಗಿನ ಟಿಕೆಟ್ ಫೋನಿನಲ್ಲೇ ಇರುತ್ತದೆ, ಅದರ ಬಾರ್‌ಕೋಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತಾ ಇರುತ್ತದೆ. ನಿಮಗೆ ಕಳಿಸಿದ ಚಿತ್ರ ಬಾಗಿಲಿಗೆ ಹೋಗುವಷ್ಟರಲ್ಲಿ ಸತ್ತಿರುತ್ತದೆ. ನಿಜವಾದ ಟಿಕೆಟ್ ಇದ್ದವರು ಅದೇ ಆ್ಯಪ್‌ನಿಂದ ನಿಮ್ಮ ಹೆಸರಿಗೆ ವರ್ಗಾಯಿಸುತ್ತಾರೆ, ಅದು ನಿಮ್ಮ ಖಾತೆಗೆ ಬಂದು ಕೂತ ಮೇಲೆ ಮಾತ್ರ ದುಡ್ಡು.

ಖಾಲಿ ಅಂದರೆ ಪೂರ್ತಿ ಖಾಲಿ ಅಂತಲೂ ಅಲ್ಲ. ವೇದಿಕೆ ಕಟ್ಟಿ ಮುಗಿದ ಮೇಲೆ ಎಲ್ಲಿಂದ ಕಾಣುತ್ತದೆ, ಎಲ್ಲಿಂದ ಕಾಣುವುದಿಲ್ಲ ಅಂತ ಖಚಿತವಾಗುತ್ತದೆ, ಆಗ ಹಿಡಿದಿಟ್ಟಿದ್ದ ಕೆಲವು ಸೀಟು ಕೊನೇ ಒಂದೆರಡು ದಿನದಲ್ಲಿ ಮಾಮೂಲಿ ಬೆಲೆಗೆ ಬಿಡುವುದುಂಟು. ಮರುಮಾರಾಟದವರೂ ಆ ದಿನ ಸಂಜೆ ಬೆಲೆ ಇಳಿಸುತ್ತಾರೆ, ಹಾಡು ಶುರುವಾದ ಮೇಲೆ ಆ ಟಿಕೆಟ್ ಕಾಸಿಗೂ ಬಾಳುವುದಿಲ್ಲವಲ್ಲ. ನೀವು ಜೆರ್ಸಿ ಸಿಟಿಯಲ್ಲಿದ್ದೀರಿ, ನ್ಯೂಜೆರ್ಸಿಯಿಂದ ಮ್ಯಾನ್‌ಹ್ಯಾಟನ್‌ಗೆ ಓಡುವ ಪಾತ್ ರೈಲಿನಲ್ಲಿ 33ನೇ ಸ್ಟ್ರೀಟ್‌ಗೆ ಬಂದು ಎರಡು ಹೆಜ್ಜೆ ನಡೆದರೆ ಗಾರ್ಡನ್. ಕೊನೇ ಗಳಿಗೆವರೆಗೆ ಕಾಯುವ ಅನುಕೂಲ ನಿಮ್ಮಂಥವರಿಗೇ ಇರುವುದು. ಇನ್ನೊಂದು ವಿಷಯ: ನ್ಯೂಯಾರ್ಕ್ ರಾಜ್ಯದಲ್ಲಿ 2022ರಿಂದ ಒಂದು ಕಾನೂನಿದೆ. ಟಿಕೆಟ್ ಮಾರುವವರು ಶುಲ್ಕ ಎಲ್ಲ ಸೇರಿಸಿ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು. ಕೊನೇ ಪುಟದಲ್ಲಿ ಬೆಲೆ ಹಠಾತ್ತನೆ ಏರಿದರೆ ಆ ಜಾಗದಲ್ಲಿ ಕೊಳ್ಳಬೇಡಿ.

ನಿಮ್ಮ ಎತ್ತರ ಎಷ್ಟೋ ನನಗೆ ಗೊತ್ತಿಲ್ಲ, ಆದರೂ ಹೇಳುತ್ತೇನೆ. ಹಾಡಿನ ಕಾರ್ಯಕ್ರಮದಲ್ಲಿ ನೆಲದ ಮೇಲೆ ಹಾಕಿದ ಕುರ್ಚಿ ಅತಿ ದುಬಾರಿ, ಆದರೆ ಮೊದಲ ಹಾಡಿಗೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಮುಂದಿನ ಕೆಲವು ಸಾಲು ಬಿಟ್ಟರೆ ನಮ್ಮ ಎತ್ತರದವರಿಗೆ ಕಾಣುವುದು ಮುಂದಿನವರ ಬೆನ್ನು ಮತ್ತು ಎತ್ತಿ ಹಿಡಿದ ಫೋನು. ವೇದಿಕೆಗೆ ಓರೆಯಾಗಿ, 100ರ ಸೆಕ್ಷನ್ನಿನಲ್ಲಿ ನಾಲ್ಕೈದು ಸಾಲು ಮೇಲೆ ಕೂತರೆ ಗಾಯಕಿಯ ಮುಖವೂ ಕಾಣುತ್ತದೆ, ದುಡ್ಡೂ ಉಳಿಯುತ್ತದೆ.

ಪ್ರಶ್ನೆ (ಮೈಸೂರಿನಿಂದ): ಒಂದೇ ಹಾಲಿನಲ್ಲಿ ಇವತ್ತು ಐಸ್ ಹಾಕಿ, ನಾಳೆ ಬ್ಯಾಸ್ಕೆಟ್‌ಬಾಲ್, ನಾಡಿದ್ದು ಸಂಗೀತ ಅಂತ ಓದಿದೆ. ದಿನಾ ಐಸ್ ಕರಗಿಸಿ ಮತ್ತೆ ಹಾಕುತ್ತಾರಾ?

ಕರಗಿಸುವುದಿಲ್ಲ. ಸೀಸನ್ ಪೂರ್ತಿ ಐಸ್ ಅಲ್ಲೇ ಇರುತ್ತದೆ. ಬ್ಯಾಸ್ಕೆಟ್‌ಬಾಲ್ ನೋಡುವಾಗ ಆ ಮರದ ನೆಲದ ಕೆಳಗೆ ಐಸ್ ಮಲಗಿರುತ್ತದೆ! ಕಾಂಕ್ರೀಟ್ ನೆಲದೊಳಗೆ ಕೊಳವೆಗಳ ಜಾಲ ಇದೆ, ಅದರಲ್ಲಿ ಕೊರೆಯುವಷ್ಟು ತಣ್ಣಗಿನ ದ್ರವ ಸದಾ ಓಡುತ್ತಿರುತ್ತದೆ. ಅದರ ಮೇಲೆ ನೀರನ್ನು ತೆಳ್ಳಗೆ ಸಿಂಪಡಿಸಿ, ಹೆಪ್ಪುಗಟ್ಟಿಸಿ, ಬಿಳಿ ಬಣ್ಣ ಹೊಡೆದು, ಗೆರೆ ಹಾಕಿ, ಮತ್ತೆ ನೀರು ಸಿಂಪಡಿಸಿ, ಹೀಗೆ ಪದರ ಪದರವಾಗಿ ಐಸ್ ಕಟ್ಟುತ್ತಾರೆ. ಕೊನೆಗೆ ಅದರ ದಪ್ಪ ಸುಮಾರು ಒಂದು ಅಂಗುಲ, ಅಷ್ಟೇ. ಉದ್ದ 200 ಅಡಿ, ಅಗಲ 85 ಅಡಿ. ಹಾಕಿ ಮುಗಿದ ರಾತ್ರಿ ಜನ ಹೊರಗೆ ಹೋಗುತ್ತಿದ್ದಂತೆ ಕೆಲಸಗಾರರು ಇಳಿಯುತ್ತಾರೆ. ಸುತ್ತಲಿನ ಗಾಜಿನ ಗೋಡೆ ಬಿಚ್ಚುತ್ತಾರೆ, ಐಸ್ ಮೇಲೆ ಶಾಖ ತಡೆಯುವ ದಪ್ಪ ಹಲಗೆ ಹಾಸುತ್ತಾರೆ, ಅದರ ಮೇಲೆ ಬ್ಯಾಸ್ಕೆಟ್‌ಬಾಲಿನ ಮರದ ನೆಲವನ್ನು ತುಂಡು ತುಂಡಾಗಿ ತಂದು ಜೋಡಿಸುತ್ತಾರೆ. ಪ್ರತಿ ತುಂಡಿಗೂ ಅದರದೇ ಜಾಗ. ಬುಟ್ಟಿಗಳನ್ನು ಗಾಲಿ ಮೇಲೆ ತಳ್ಳಿಕೊಂಡು ಬರುತ್ತಾರೆ. ಎಲ್ಲ ಕೆಲವೇ ಗಂಟೆಗಳ ಕೆಲಸ. ಮಧ್ಯಾಹ್ನ ಒಂದು ಆಟ, ರಾತ್ರಿ ಇನ್ನೊಂದು ಆಟ ಇಟ್ಟುಕೊಂಡ ದಿನಗಳೂ ಇವೆ. ಹಾಡು ಹೇಳುವವರಿಗೆ ನಾವು ಚಪ್ಪಾಳೆ ತಟ್ಟುತ್ತೇವೆ, ಈ ಕೆಲಸಗಾರರನ್ನು ನೋಡುವವರೇ ಇಲ್ಲ. ಅವಕಾಶ ಸಿಕ್ಕಿದರೆ ಆಟ ಮುಗಿದ ಮೇಲೆ ಹೊರಗೆ ಕಳಿಸುವವರೆಗೆ ಸೀಟಲ್ಲೇ ಕೂತು ಶುರುವನ್ನಾದರೂ ನೋಡಿ.

ಇನ್ನೊಂದು ಸೋಜಿಗ ಏನೆಂದರೆ ಆ ಐಸ್ ಇರುವುದು ನೆಲಮಟ್ಟದಲ್ಲಿ ಅಲ್ಲ. ಕೆಳಗೆ ರೈಲು ಸ್ಟೇಷನ್ ಇದೆಯಲ್ಲ, ಹಾಗಾಗಿ ಆಟದ ಅಂಗಳ ಐದನೇ ಮಹಡಿಯ ಎತ್ತರದಲ್ಲಿದೆ. ವೇದಿಕೆ ಸಾಮಾನೆಲ್ಲ ಇಳಿಜಾರು ದಾರಿಯಲ್ಲಿ ಮೇಲಕ್ಕೆ ಹೋಗಬೇಕು. ಸರ್ಕಸ್ ಬರುತ್ತಿದ್ದ ಕಾಲದಲ್ಲಿ ಆನೆಗಳು ಈಸ್ಟ್ ನದಿಯ ಕೆಳಗಿನ ಸುರಂಗದೊಳಗೆ ರಾತ್ರಿ ಹೊತ್ತು ಸಾಲಾಗಿ ನಡೆದು ಬಂದು ಆ ಇಳಿಜಾರನ್ನೇ ಹತ್ತುತ್ತಿದ್ದವು.

ಪ್ರಶ್ನೆ (ಪಾರ್ಸಿಪನಿಯಿಂದ): ಹಾಕಿ ನೋಡುವಾಗ ಚಳಿ ಆಗುತ್ತಾ? ಏನಾದರೂ ಕಟ್ಟುಪಾಡು ಇದೆಯಾ?

ಸ್ವೆಟರ್ ಒಂದು ಸಾಕು, ಕೆಳಗಿನ ಸಾಲಾದರೆ ಜಾಕೆಟ್. ಕಟ್ಟುಪಾಡು ಒಂದೇ: ಆಟ ನಡೆಯುವಾಗ ಸೀಟಿಗೆ ಹೋಗುವ ಹಾಗಿಲ್ಲ, ಶಿಳ್ಳೆ ಬೀಳುವವರೆಗೆ ಮೇಲೆ ಕಾಯಬೇಕು. ಹಾಕಿಯ ಪಕ್ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಬಲು ಬೇಗ ಓಡುತ್ತದೆ, ಅಡ್ಡ ನಿಂತರೆ ಹಿಂದಿನವರಿಗೆ ಗೋಲೇ ತಪ್ಪಿಹೋಗುತ್ತದೆ. ಹೊಸಬರು ಹಾಕಿಗೆ ಮೇಲಿನ ಸೀಟೇ ತೆಗೆದುಕೊಳ್ಳಿ, ಪಕ್ ಎಲ್ಲಿದೆ ಅಂತ ಕಣ್ಣಿಗೆ ಬೇಗ ಸಿಗುತ್ತದೆ.

ಪ್ರಶ್ನೆ (ಎಡಿಸನ್‌ನಿಂದ): ನಾವು ಸಸ್ಯಾಹಾರಿಗಳು, ಒಳಗೆ ಊಟಕ್ಕೆ ಏನು ಸಿಗುತ್ತದೆ? ಬ್ಯಾಗ್ ಬಿಡುತ್ತಾರಾ?

ಒಳಗೆ ಪಿಜ್ಜಾ, ಫ್ರೆಂಚ್ ಫ್ರೈಸ್, ಪಾಪ್‌ಕಾರ್ನ್ ಸಿಗುತ್ತದೆ, ಬೆಲೆ ಮಾತ್ರ ವಿಪರೀತ. ನನ್ನ ಕೇಳಿದರೆ ಸಂಜೆ ಬೇಗ ಬಂದು ಲೆಕ್ಸಿಂಗ್ಟನ್ ಅವೆನ್ಯೂ ಕಡೆ ಹೋಗಿ. 26ರಿಂದ 28ನೇ ಸ್ಟ್ರೀಟ್ ಆಸುಪಾಸಿನಲ್ಲಿ ದಕ್ಷಿಣ ಭಾರತದ ಹೋಟೆಲುಗಳಿವೆ, ದೋಸೆ ಕಾಫಿ ಮುಗಿಸಿ ಅರ್ಧ ಗಂಟೆಯೊಳಗೆ ನಡೆದು ಬರಬಹುದು. ಬ್ಯಾಗು ಸೀಟಿನ ಕೆಳಗೆ ಹಿಡಿಸುವಷ್ಟು ಇರಲಿ. ಊರಿಂದ ಬಂದ ಸೂಟ್‌ಕೇಸ್ ಸಮೇತ ವಿಮಾನ ನಿಲ್ದಾಣದಿಂದ ನೇರ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಪ್ರಶ್ನೆ (ಪ್ರಿನ್ಸ್‌ಟನ್ ಕಡೆಯಿಂದ, ತಾಯಿ): ಮಗಳಿಗೆ ಏಳು ವರ್ಷ. ಹಾಡಿನ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗು ಅಂತ ಹಟ. ಕಿವಿಗೆ ತೊಂದರೆ ಇಲ್ಲವಾ?

ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡುವ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಮುಟ್ಟಿದರೆ ಉಳಿಯುವುದು 15 ನಿಮಿಷ. ದೊಡ್ಡ ಕಾರ್ಯಕ್ರಮದಲ್ಲಿ ಸದ್ದು ಸಲೀಸಾಗಿ ಅಲ್ಲಿಗೆ ಹೋಗುತ್ತದೆ, ಕಾರ್ಯಕ್ರಮ ಎರಡು ಗಂಟೆ ಮೇಲೆ ನಡೆಯುತ್ತದೆ. ಅದೂ ದೊಡ್ಡವರ ಲೆಕ್ಕ, ಮಗುವಿನ ಕಿವಿಗೆ ಇನ್ನೂ ಜಾಸ್ತಿ ಜೋಪಾನ ಬೇಕು. ಹಾಗಂತ ಮಗುವಿನ ಆಸೆ ಮುರಿಯಬೇಕಿಲ್ಲ. ತಲೆ ಮೇಲಿಂದ ಹಾಕುವ ಕಿವಿಮುಚ್ಚಳ ಮಕ್ಕಳ ಅಳತೆಯದ್ದೇ ಸಿಗುತ್ತದೆ. ಒಂದು ವಾರ ಮೊದಲೇ ತಂದು ಮನೆಯಲ್ಲಿ ಹಾಕಿ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಅಲ್ಲಿ ಕಿತ್ತು ಕೈಗೆ ಕೊಡುತ್ತಾಳೆ. ಸ್ಪೀಕರ್ ಗೊಂಚಲಿನ ಎದುರು ಕೂರಬೇಡಿ. ನೀವೂ ಇಯರ್‌ಪ್ಲಗ್ ಹಾಕಿಕೊಳ್ಳಿ, ಅಮ್ಮ ಹಾಕಿದರೆ ಮಗಳೂ ಹಾಕುತ್ತಾಳೆ.

ಇನ್ನೊಂದು. ಟಿಕೆಟಿನ ಮೇಲೆ 8 ಗಂಟೆ ಅಂತ ಇದ್ದರೆ ಮುಖ್ಯ ಗಾಯಕರು ಬರುವುದು 9ರ ಸುಮಾರಿಗೆ. ಮೊದಲು ಬೇರೆ ಯಾರೋ ಹಾಡುತ್ತಾರೆ. ಮಗುವನ್ನು ಮಧ್ಯಾಹ್ನ ಮಲಗಿಸಿ ಕರೆದುಕೊಂಡು ಹೋಗಿ.

ಪ್ರಶ್ನೆ (ಹಾಸನದಿಂದ): ಮಗಳು ಅಲ್ಲಿ ಓದುತ್ತಿದ್ದಾಳೆ, ಗೆಳತಿಯರ ಜೊತೆ ಇಂಥ ಕಡೆಗೆಲ್ಲ ಹೋಗುತ್ತಾಳೆ. ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಆದದ್ದನ್ನು ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಹೋದ 11 ಜನ ಆ ನೂಕುನುಗ್ಗಲಿನಲ್ಲಿ ತೀರಿಕೊಂಡರು. ಎಲ್ಲ ಎಳೆಯ ವಯಸ್ಸಿನವರೇ ಹೆಚ್ಚು. ಆ ಮನೆಗಳ ದುಃಖ ಬರೆದು ಮುಗಿಯುವಂಥದ್ದಲ್ಲ. ಅಲ್ಲಿ ಜನ ಸತ್ತದ್ದು ಆಟ ನೋಡುವಾಗ ಅಲ್ಲ, ಗೇಟಿನ ಹೊರಗೆ. ಒಳಗೆ ಹಿಡಿಸುವುದಕ್ಕಿಂತ ಎಷ್ಟೋ ಪಟ್ಟು ಜನ ಸೇರಿದ್ದರು, ಒಳಗೆ ಬಿಡುತ್ತಾರಾ ಇಲ್ಲವಾ, ಪಾಸ್ ಬೇಕಾ ಬೇಡವಾ ಅಂತ ಯಾರಿಗೂ ಸ್ಪಷ್ಟ ಇರಲಿಲ್ಲ. ಗಾರ್ಡನ್ನಿನ ಆಟಗಳಲ್ಲಿ, ಹೆಚ್ಚಿನ ಹಾಡಿನ ಕಾರ್ಯಕ್ರಮಗಳಲ್ಲಿ ಪ್ರತಿ ಟಿಕೆಟಿಗೂ ಒಂದು ಸೀಟಿನ ನಂಬರ್ ಇದೆ, ಬೇಗ ಹೋದವರಿಗೆ ಒಳ್ಳೆಯ ಜಾಗ ಅನ್ನುವ ಪೈಪೋಟಿ ಇಲ್ಲ, ಹಾಗಾಗಿ ಬಾಗಿಲಲ್ಲಿ ನುಗ್ಗುವ ಕಾರಣವೂ ಇಲ್ಲ. ಈ ಒಂದು ವ್ಯತ್ಯಾಸ ಬಹಳ ದೊಡ್ಡದು.

ಆದರೂ ಮಗಳಿಗೆ ಇಷ್ಟು ಹೇಳಿ. ಟಿಕೆಟ್ ಇಲ್ಲದೆ ಹೊರಗಿನ ಗುಂಪಿಗೆ ಸೇರಬೇಡ. ತಂಡ ಗೆದ್ದ ರಾತ್ರಿ ಸೆವೆಂತ್ ಅವೆನ್ಯೂ ತುಂಬಾ ಜನ ಕುಣಿಯುತ್ತಾರೆ, ದೂರದಿಂದ ನೋಡಿ ಬಾ. ಕಾರ್ಯಕ್ರಮ ಮುಗಿದ ತಕ್ಷಣ ಏಳಬೇಡ, ಒಂದು ಹತ್ತು ಹದಿನೈದು ನಿಮಿಷ ಸೀಟಿನಲ್ಲೇ ಕೂತಿರು. ಗೆಳತಿಯರು ತಪ್ಪಿಹೋದರೆ ಎಲ್ಲಿ ಸೇರಬೇಕು ಅಂತ ಒಳಗೆ ಹೋಗುವ ಮೊದಲೇ ಮಾತಾಡಿಕೊಳ್ಳಿ, ಅಷ್ಟು ಜನರ ನಡುವೆ ಫೋನ್ ಸಿಗದೇ ಹೋಗಬಹುದು. ಎಲ್ಲಾದರೂ ಗುಂಪಿನಲ್ಲಿ ಸಿಕ್ಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಹಿಡಿದು ಉಸಿರಾಡಲು ಜಾಗ ಉಳಿಸಿಕೊ, ಹಿಂದಕ್ಕೆ ತಳ್ಳಬೇಡ, ಓರೆಯಾಗಿ ಅಂಚಿನ ಕಡೆಗೆ ಸರಿ. ಕೆಳಗೆ ಬಿದ್ದ ಫೋನು, ಚಪ್ಪಲಿ ಎತ್ತಲು ಬಗ್ಗಬೇಡ. ಇದನ್ನು ಬೆಂಗಳೂರಿನಲ್ಲಿರುವ ನಿಮ್ಮ ಬೇರೆ ಮಕ್ಕಳಿಗೂ ಹೇಳಿ.

ಪ್ರಶ್ನೆ (ಧಾರವಾಡದಿಂದ): ಪಂಡಿತ ರವಿಶಂಕರ್ ಅಲ್ಲಿ ಸಿತಾರ್ ಬಾರಿಸಿದ್ದರು ಅಂತಾರ, ಖರೆ ಏನ್ರಿ? ಅಷ್ಟು ದೊಡ್ಡ ಹಾಲಿನ್ಯಾಗ ಸಿತಾರ್ ಹೆಂಗ ಕೇಳಸ್ತದ?

ಖರೆ ಐತ್ರಿ. 1971ರ ಆಗಸ್ಟ್ 1. ಪೂರ್ವ ಬಂಗಾಳದಿಂದ (ಈಗಿನ ಬಾಂಗ್ಲಾದೇಶ) ಲಕ್ಷಾಂತರ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದಿದ್ದ ಸಮಯ. ಅವರಿಗಾಗಿ ಏನಾದರೂ ಮಾಡೋಣ ಅಂತ ರವಿಶಂಕರ್ ತಮ್ಮ ಗೆಳೆಯ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ಗೆ ಕೇಳಿದರು. ಮಧ್ಯಾಹ್ನ ಒಂದು, ರಾತ್ರಿ ಒಂದು, ಎರಡು ಕಾರ್ಯಕ್ರಮ, ಒಟ್ಟು ಸುಮಾರು 40,000 ಜನ. ಶುರು ಮಾಡಿದ್ದು ನಮ್ಮವರೇ: ರವಿಶಂಕರ್ ಸಿತಾರ್, ಅಲಿ ಅಕ್ಬರ್ ಖಾನ್ ಸರೋದ್, ಅಲ್ಲಾ ರಖಾ ತಬಲಾ, ಕಮಲಾ ಚಕ್ರವರ್ತಿ ತಂಬೂರಿ. ಅವರು ಶ್ರುತಿ ಕೂಡಿಸಿ ನಿಲ್ಲಿಸಿದಾಗ ಜನ ಅದನ್ನೇ ಕಛೇರಿ ಅಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಶ್ರುತಿ ಕೂಡಿಸಿದ್ದೇ ಇಷ್ಟು ಹಿಡಿಸಿದರೆ ಬಾರಿಸುವುದು ಇನ್ನೂ ಹಿಡಿಸೀತು ಅಂತ ರವಿಶಂಕರ್ ನಯವಾಗಿ ಹೇಳಿದರು. ಟಿಕೆಟ್ಟಿನಿಂದ ಬಂದ ಸುಮಾರು 2 ಲಕ್ಷ 43 ಸಾವಿರ ಡಾಲರ್ ಯುನಿಸೆಫ್‌ಗೆ ಹೋಯಿತು.

ಹೇಗೆ ಕೇಳಿಸುತ್ತದೆ ಅನ್ನುವುದಕ್ಕೆ ನನ್ನ ಮಾತು ಇಷ್ಟೇ. ಆ ಹಾಲು ಚೀರುವ ಜನಕ್ಕೆ, ಡ್ರಮ್ಮಿಗೆ, ಇಪ್ಪತ್ತು ಸಾವಿರ ಗಂಟಲು ಒಟ್ಟಿಗೆ ಹಾಡುವುದಕ್ಕೆ ಸರಿ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಕೇಳಬೇಕು, ಜವಾರಿಯ (ತಂತಿ ಕೂತಿರುವ ಅಗಲ ಕುದುರೆಯ) ಝೇಂಕಾರದ ನಾದ ಕೇಳಬೇಕು ಅಂದರೆ ಅದೇ ಊರಿನಲ್ಲಿ 1891ರ ಕಾರ್ನೆಗಿ ಹಾಲ್ ಇದೆ, ಸುಮಾರು 2,800 ಜನ ಹಿಡಿಯುತ್ತದೆ, ಅಲ್ಲಿ ನಮ್ಮ ಕಲಾವಿದರೂ ಬಾರಿಸುತ್ತಾರೆ. ನೀವು ಧಾರವಾಡದ ಕಿವಿ ಇಟ್ಟುಕೊಂಡು ಬರುವವರು, ಸೀದಾ ಅಲ್ಲಿಗೆ ಹೋಗಿ.

ಪ್ರಶ್ನೆ (ಬೆಂಗಳೂರಿನಿಂದ): ಸ್ಟೇಷನ್ ಮೇಲೆ ಯಾಕೆ ಕಟ್ಟಿದರು? ಎತ್ತಂಗಡಿ ಮಾಡುತ್ತಾರೆ ಅಂತ ಸುದ್ದಿ ಇದೆಯಲ್ಲ?

1910ರಲ್ಲಿ ಕಟ್ಟಿದ ಬಹಳ ಚೆಂದದ ಪೆನ್ ಸ್ಟೇಷನ್ ಅಲ್ಲಿತ್ತು. ರೈಲ್ವೆ ಕಂಪನಿಗೆ ದುಡ್ಡಿನ ತಾಪತ್ರಯ ಬಂತು, ನೆಲದ ಮೇಲಿನ ಜಾಗ ಗುತ್ತಿಗೆ ಕೊಟ್ಟಿತು, 1963ರಲ್ಲಿ ಕಟ್ಟಡ ಒಡೆಯಲು ಶುರು ಮಾಡಿದರು. ಹಳಿಗಳು ಕೆಳಗೇ ಉಳಿದವು, ಮೇಲೆ ಗಾರ್ಡನ್ ಬಂತು, 1968ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಆ ಹೆಸರಿನ ನಾಲ್ಕನೇ ಕಟ್ಟಡ ಇದು. ಹಳೆಯ ಸ್ಟೇಷನ್ ಹೋದ ಸಿಟ್ಟಿಗೆ 1965ರಲ್ಲಿ ನಗರ ಪಾರಂಪರಿಕ ಕಟ್ಟಡ ಉಳಿಸುವ ಕಾನೂನು ತಂದಿತು. ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ಇವತ್ತು ನಿಂತಿರುವುದು ಆ ಕಾನೂನಿನಿಂದ. ಈಗ ಕೆಳಗಿನ ಸ್ಟೇಷನ್ ಇಕ್ಕಟ್ಟು, ಅದನ್ನು ಸರಿ ಮಾಡಲು ಗಾರ್ಡನ್ ಜಾಗ ಬಿಡಬೇಕು ಅಂತ ಹಲವರ ವಾದ. ನಗರಸಭೆ 2013ರಲ್ಲಿ ಹತ್ತು ವರ್ಷದ ಅನುಮತಿ ಕೊಟ್ಟಿತ್ತು, 2023ರಲ್ಲಿ ಕೊಟ್ಟದ್ದು ಐದೇ ವರ್ಷ. ಆಟ ನೋಡಲು ನನಗೆ ಆ ಜಾಗ ಎಷ್ಟೇ ಇಷ್ಟ ಇರಲಿ, ದಿನಾ ಕೆಲಸಕ್ಕೆ ಓಡಾಡುವ ಲಕ್ಷಾಂತರ ಜನಕ್ಕೆ ಗಾಳಿ ಬೆಳಕು ಸಿಗಬೇಕು ಅನ್ನುವುದು ನ್ಯಾಯವೇ. ಆದರೆ ಎಲ್ಲಿಗೆ ಹೋದರೂ ರೈಲು ಸ್ಟೇಷನ್ ಪಕ್ಕದಲ್ಲೇ ಇರಲಿ. ಕಾರು ಇಲ್ಲದ ವಿದ್ಯಾರ್ಥಿಗೂ, ಡ್ರೈವಿಂಗ್ ಬಾರದ ಅತ್ತೆ ಮಾವನಿಗೂ ಬರಲು ಆಗುತ್ತಿರುವುದು ಆ ರೈಲಿನಿಂದಲೇ.

ಪ್ರಶ್ನೆ (ಎಡಿಸನ್‌ನಿಂದ, ಇನ್ನೊಬ್ಬರು): ರಾತ್ರಿ ವಾಪಸ್ ಬರುವಾಗ ಪೆನ್ ಸ್ಟೇಷನ್ನಿನಲ್ಲಿ ಗೊಂದಲ ಆಗುತ್ತದೆ. ಸುಲಭ ದಾರಿ ಹೇಳಿ.

ವಾಪಸ್ ಟಿಕೆಟ್ ಹೋಗುವಾಗಲೇ ಫೋನಿನಲ್ಲಿ ತೆಗೆದಿಡಿ. ನಡುರಾತ್ರಿ ಹತ್ತಿರವಾದಂತೆ ರೈಲುಗಳ ನಡುವಿನ ಅಂತರ ಜಾಸ್ತಿಯಾಗುತ್ತದೆ, ಅದಕ್ಕೆ ಆ ದಿನದ ಕೊನೇ ಮೂರು ರೈಲಿನ ಹೊತ್ತು ಬರೆದಿಟ್ಟುಕೊಳ್ಳಿ. ನ್ಯೂಜೆರ್ಸಿ ರೈಲುಗಳು ಹೆಚ್ಚಾಗಿ 1ರಿಂದ 12ನೇ ಟ್ರ್ಯಾಕಿನಲ್ಲಿ ನಿಲ್ಲುತ್ತವೆ, ಸೆವೆಂತ್ ಅವೆನ್ಯೂ ಕಡೆಯ ಹಾಲಿಗೆ ಬನ್ನಿ. ಟ್ರ್ಯಾಕ್ ನಂಬರ್ ಹಾಕುವುದು ಹೊರಡುವ ಹತ್ತು ನಿಮಿಷ ಮೊದಲು. ಅಲ್ಲಿಯವರೆಗೆ ಎಲ್ಲರೂ ಕತ್ತೆತ್ತಿ ಬೋರ್ಡ್ ನೋಡುತ್ತಾ ನಿಂತಿರುತ್ತಾರೆ, ನಂಬರ್ ಬಂದದ್ದೇ ತಡ ಕಿರಿದಾದ ಮೆಟ್ಟಿಲಿಗೆ ನುಗ್ಗುತ್ತಾರೆ. ನೀವು ನುಗ್ಗಬೇಡಿ. ಹಿರಿಯರು ಜೊತೆಗಿದ್ದರೆ ಮೊದಲ ಅಲೆ ಇಳಿದುಹೋಗಲಿ, ರೈಲು ಉದ್ದ ಇದೆ, ಮುಂದಿನ ಬೋಗಿಗಳಲ್ಲಿ ಸೀಟು ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ: ಬೋರ್ಡಿನಲ್ಲಿ ಟ್ರೆಂಟನ್ ಅಥವಾ ಜೆರ್ಸಿ ಅವೆನ್ಯೂ ಅಂತ ಇರುವ ರೈಲು ಹತ್ತಿ, ಅದು ಎಡಿಸನ್‌ನಲ್ಲಿ ನಿಲ್ಲುತ್ತದಾ ಅಂತ ಪಟ್ಟಿಯಲ್ಲಿ ನೋಡಿಕೊಳ್ಳಿ. ಲಾಂಗ್ ಬ್ರಾಂಚ್ ಅಂತ ಇದ್ದರೆ ಬಿಡಿ. ಅದೂ ರಾವೇ ತನಕ ನಿಮ್ಮ ದಾರಿಯಲ್ಲೇ ಹೋಗುತ್ತದೆ, ಆಮೇಲೆ ಸಮುದ್ರದ ಕಡೆ ತಿರುಗಿಬಿಡುತ್ತದೆ. ನಿದ್ದೆಗಣ್ಣಲ್ಲಿ ಹತ್ತಿಬಿಟ್ಟಿದ್ದರೆ ರಾವೇಯಲ್ಲಿ ಇಳಿದು ಹಿಂದೆ ಬರುವ ಟ್ರೆಂಟನ್ ರೈಲಿಗೆ ಕಾಯಿರಿ.